ಕಿಡ್ನಿ ಹಾಳಾದರೆ ರಕ್ತ ಯಾಕೆ ಕಡಿಮೆಯಾಗುತ್ತದೆ?

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಬರುತ್ತದೆ. "ಕಿಡ್ನಿ ತೊಂದರೆ ಅಂದ್ರು, ಸರಿ. ಆದ್ರೆ ರಕ್ತ ಯಾಕೆ ಕಮ್ಮಿ ಆಯ್ತು?" ರಿಪೋರ್ಟ್‌ನಲ್ಲಿ ಕ್ರಿಯೇಟಿನಿನ್ (ಕಿಡ್ನಿ ಹೊರಹಾಕಬೇಕಾದ ಒಂದು ಕೊಳೆ) ಏರಿದ ಹಾಗೆಲ್ಲ ಹಿಮೋಗ್ಲೋಬಿನ್ ಇಳಿಯುತ್ತಾ ಹೋಗುತ್ತದೆ. 11 ಇದ್ದದ್ದು 9 ಆಗುತ್ತದೆ, ಆಮೇಲೆ ಏಳೂವರೆ. ಮನೆಯವರು ಬೀಟ್‌ರೂಟ್, ಖರ್ಜೂರ, ದಾಳಿಂಬೆ ಅಂತ ಶುರು ಮಾಡುತ್ತಾರೆ. ಅಂಕಿ ಅಲುಗುವುದಿಲ್ಲ. ಬದಲಿಗೆ ಪೊಟ್ಯಾಸಿಯಂ ಏರಿ ವೈದ್ಯರಿಂದ ಬೈಸಿಕೊಳ್ಳುವುದೇ ಜಾಸ್ತಿ. ಕೊನೆಗೆ ಒಂದು ದಿನ ಡಯಾಲಿಸಿಸ್ ಮುಗಿಯುವ ಹೊತ್ತಿಗೆ ನರ್ಸ್ ಫ್ರಿಜ್‌ನಿಂದ ಒಂದು ಪುಟ್ಟ ಸಿರಿಂಜ್ ತಂದು ಚುಚ್ಚುತ್ತಾರೆ. ಕೆಲವು ವಾರಗಳಲ್ಲಿ ಅಂಕಿ ಮೇಲಕ್ಕೆ ಹೊರಡುತ್ತದೆ.

ಆ ಸಿರಿಂಜ್‌ನಲ್ಲಿ ಇದ್ದದ್ದು ರಕ್ತವೂ ಅಲ್ಲ, ಕಬ್ಬಿಣಾಂಶವೂ ಅಲ್ಲ. ಕಿಡ್ನಿ ತಾನೇ ತಯಾರಿಸಬೇಕಿದ್ದ ಒಂದು ಹಾರ್ಮೋನ್. ಹೆಸರು ಎರಿಥ್ರೊಪೊಯೆಟಿನ್. ಚಿಕ್ಕದಾಗಿ ಇಪಿಒ ಅನ್ನುತ್ತಾರೆ. ರಕ್ತ ಸೋಸಿ ಮೂತ್ರ ಮಾಡುವ ಅಂಗಕ್ಕೆ ರಕ್ತ ಹೆಚ್ಚಿಸುವ ಉಸಾಬರಿ ಯಾಕೆ ಬಂತು ಅನ್ನುವುದೇ ಈ ಲೇಖನದ ವಿಷಯ.

ನಾಲ್ಕು ತಿಂಗಳ ಆಯಸ್ಸಿನ ಕಣಗಳು

ನಾವು ಎಳೆದುಕೊಂಡ ಆಮ್ಲಜನಕ ರಕ್ತದಲ್ಲಿ ಹಾಗೇ ಕರಗುವುದು ತೀರಾ ಕಡಿಮೆ. ಹೆಚ್ಚುಕಡಿಮೆ ಅಷ್ಟನ್ನೂ ಹೊರುವುದು ಕೆಂಪು ರಕ್ತಕಣಗಳ ಒಳಗಿರುವ ಹಿಮೋಗ್ಲೋಬಿನ್. ಅದರಲ್ಲಿ ಕಬ್ಬಿಣವಿದೆ. ಆಮ್ಲಜನಕ ಅಂಟಿಕೊಳ್ಳುವುದು ಆ ಕಬ್ಬಿಣಕ್ಕೇ.

ಒಂದು ಕೆಂಪು ಕಣ ಬದುಕುವುದು ಸುಮಾರು 120 ದಿನ. ಬೇರೆ ಜೀವಕೋಶಗಳಿಗೆ ಇರುವ ನ್ಯೂಕ್ಲಿಯಸ್ ಇದಕ್ಕೆ ಇಲ್ಲ. ಹಾಗಾಗಿ ಸವೆದದ್ದನ್ನು ರಿಪೇರಿ ಮಾಡಿಕೊಳ್ಳಲು ಆಗುವುದಿಲ್ಲ. ಹಳೆಯದಾದ ಕಣಗಳನ್ನು ಮುಖ್ಯವಾಗಿ ಗುಲ್ಮ ಮತ್ತು ಯಕೃತ್ತು ತೆಗೆದುಹಾಕುತ್ತವೆ. ಅವುಗಳ ಜಾಗಕ್ಕೆ ಬೆನ್ನುಮೂಳೆ, ಸೊಂಟದ ಮೂಳೆ, ಎದೆಮೂಳೆಗಳ ಒಳಗಿನ ಮಜ್ಜೆಯಲ್ಲಿ ಹೊಸ ಕಣಗಳು ಹುಟ್ಟುತ್ತವೆ. ಒಂದು ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು. ಐದು ಸೆಕೆಂಡಿಗೆ ಒಂದು ಕೋಟಿ.

ಇಷ್ಟು ವೇಗದ ಕೆಲಸದಲ್ಲಿ ಲೆಕ್ಕ ಸ್ವಲ್ಪ ತಪ್ಪಿದರೂ ಕಷ್ಟ. ಕಣಗಳು ಕಮ್ಮಿಯಾದರೆ ಮೆಟ್ಟಿಲು ಹತ್ತುವಾಗ ಏದುಸಿರು. ಜಾಸ್ತಿಯಾದರೆ ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟುವ ಭಯ. ಹಾಗಾದರೆ ಎಷ್ಟು ಮಾಡಬೇಕು ಅಂತ ಮಜ್ಜೆಗೆ ಹೇಳುವವರು ಯಾರು? ಮಜ್ಜೆ ತಾನೇ ನಿರ್ಧರಿಸಲಾರದು. ಅಲ್ಲಿ ಯಾವಾಗಲೂ ಆಮ್ಲಜನಕ ಕಡಿಮೆಯೇ. ಹಾಗಾಗಿ ಮೈಗೆಲ್ಲ ಕೊರತೆ ಬಂದಿದೆ ಅನ್ನುವುದು ಅದಕ್ಕೆ ತನ್ನಷ್ಟಕ್ಕೆ ಗೊತ್ತಾಗುವುದಿಲ್ಲ.

ಶ್ವಾಸಕೋಶ ಬಿಟ್ಟು ಕಿಡ್ನಿಗೆ ಯಾಕೆ ಈ ಕೆಲಸ?

ಆಮ್ಲಜನಕ ಒಳಗೆ ಬರುವುದೇ ಶ್ವಾಸಕೋಶದಿಂದ. ಕೊರತೆ ಪತ್ತೆ ಮಾಡುವ ಕೆಲಸವೂ ಅದರದ್ದೇ ಆಗಬೇಕಿತ್ತು ಅಲ್ವಾ?

ಕೋವಿಡ್ ಸಮಯದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಪಲ್ಸ್ ಆಕ್ಸಿಮೀಟರ್ ನೆನಪಿಸಿಕೊಳ್ಳಿ. ಅದು ತೋರಿಸುವುದು ಇರುವ ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟು ಭಾಗ ಆಮ್ಲಜನಕ ತುಂಬಿಕೊಂಡಿದೆ ಅಂತ. ಹಿಮೋಗ್ಲೋಬಿನ್ ಒಟ್ಟು ಎಷ್ಟಿದೆ ಅಂತ ಅಲ್ಲ. ಹಿಮೋಗ್ಲೋಬಿನ್ 6ಕ್ಕೆ ಇಳಿದು ಮುಖ ಬಿಳಿಚಿಕೊಂಡವರಿಗೂ ಶ್ವಾಸಕೋಶ ಚೆನ್ನಾಗಿದ್ದರೆ ಆ ಯಂತ್ರ 98 ತೋರಿಸುತ್ತದೆ. ಶ್ವಾಸಕೋಶದಿಂದ ಹೊರಟ ರಕ್ತವನ್ನು ನೋಡಿದರೆ ರಕ್ತಹೀನತೆ ಕಾಣುವುದೇ ಇಲ್ಲ. ಕೊರತೆ ಗೊತ್ತಾಗಬೇಕಾದರೆ ಆಮ್ಲಜನಕ ಖರ್ಚಾಗುವ ಕಡೆ ನೋಡಬೇಕು.

ಹಾಗಂದರೆ ಯಾವ ಅಂಗವಾದರೂ ನಡೆಯುತ್ತಿತ್ತಲ್ಲ ಅನ್ನಬಹುದು. ಕಾಲಿನ ಸ್ನಾಯುವನ್ನೇ ತೆಗೆದುಕೊಳ್ಳಿ. ಬಸ್ಸಿಗೆ ಓಡಿದರೆ ಸಾಕು, ಅಲ್ಲಿ ಆಮ್ಲಜನಕ ಸರ್ರನೆ ಇಳಿಯುತ್ತದೆ. ಕೂತರೆ ಮತ್ತೆ ಸರಿಹೋಗುತ್ತದೆ. ಅದನ್ನು ನಂಬಿ ರಕ್ತ ಹೆಚ್ಚಿಸಲು ಹೊರಟರೆ ದಿನಕ್ಕೆ ಹತ್ತು ಸಲ ಸುಳ್ಳು ಸುದ್ದಿ.

ಕಿಡ್ನಿಯ ಸ್ವಭಾವ ಬೇರೆ. ಎರಡೂ ಸೇರಿ ತೂಕ ಸುಮಾರು 300 ಗ್ರಾಂ. ಆದರೆ ನಾವು ಸುಮ್ನೆ ಕೂತಿದ್ದಾಗ ಹೃದಯ ನೂಕುವ ರಕ್ತದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು, ಅಂದರೆ ನಿಮಿಷಕ್ಕೆ ಒಂದು ಲೀಟರಿನಷ್ಟು, ಇವೆರಡಕ್ಕೇ ಹೋಗುತ್ತದೆ. ಬಂದ ಆಮ್ಲಜನಕದಲ್ಲಿ ಕಿಡ್ನಿ ಬಳಸಿಕೊಳ್ಳುವುದು ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಅದರಲ್ಲೂ ಹೆಚ್ಚಿನದು ಒಂದೇ ಕೆಲಸಕ್ಕೆ: ಸೋಸಿದ ನೀರಿನಿಂದ ಉಪ್ಪಿನಂಶವನ್ನು ವಾಪಸ್ ಎಳೆದುಕೊಳ್ಳುವುದಕ್ಕೆ.

ಜಾಣತನ ಇರುವುದು ಇಲ್ಲೇ. ಕಿಡ್ನಿಗೆ ಬರುವ ರಕ್ತ ಸ್ವಲ್ಪ ಕಡಿಮೆಯಾಯಿತು ಅಂದುಕೊಳ್ಳಿ. ಆಗ ಸೋಸುವುದೂ ಕಡಿಮೆ, ಎಳೆದುಕೊಳ್ಳಬೇಕಾದ ಉಪ್ಪೂ ಕಡಿಮೆ, ಆಮ್ಲಜನಕದ ಖರ್ಚೂ ಕಡಿಮೆ. ಬರುವುದು ಮತ್ತು ಖರ್ಚಾಗುವುದು ಒಟ್ಟೊಟ್ಟಿಗೇ ಏರಿಳಿಯುವುದರಿಂದ ಉಳಿಯುವ ಆಮ್ಲಜನಕದ ಮಟ್ಟ ಅಷ್ಟಾಗಿ ಬದಲಾಗುವುದಿಲ್ಲ. ಬಿಪಿಯ ಸಣ್ಣಪುಟ್ಟ ಏರಿಳಿತಕ್ಕೆ ಅದು ಗಾಬರಿ ಬೀಳುವುದಿಲ್ಲ. ಆದರೆ ಹರಿಯುವ ರಕ್ತ ಅಷ್ಟೇ ಇದ್ದು, ಅದರಲ್ಲಿ ಕೆಂಪು ಕಣಗಳು ಕಮ್ಮಿಯಾದರೆ? ಕೆಲಸ ಮೊದಲಿನಷ್ಟೇ, ಆಮ್ಲಜನಕ ಮಾತ್ರ ಕಡಿಮೆ. ಆಗ ಮಟ್ಟ ನಿಜವಾಗಿಯೂ ಇಳಿಯುತ್ತದೆ. ಹೀಗಾಗಿ ರಕ್ತ ಎಷ್ಟು ಆಮ್ಲಜನಕ ಹೊರುತ್ತಿದೆ ಅನ್ನುವುದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಜಾಗ ಮೈಯಲ್ಲಿ ಸಿಗುವುದು ಕಷ್ಟ.

ಅಳೆಯುವುದು ಸೋಸುವ ಕೋಶಗಳಲ್ಲ. ಸೋಸುವ ಕೊಳವೆಗಳ ನಡುವಿನ ಸಂದಿಗಳಲ್ಲಿ, ಕಿಡ್ನಿಯ ಹೊರಪದರ ಒಳಭಾಗವನ್ನು ಸೇರುವ ಕಡೆ, ಕವಲು ಕವಲಾಗಿ ಚಾಚಿಕೊಂಡ ಕೆಲವು ಕೋಶಗಳಿವೆ. ವಯಸ್ಕರ ಮೈಯಲ್ಲಿ ತಯಾರಾಗುವ ಇಪಿಒದಲ್ಲಿ ಸುಮಾರು ಶೇಕಡಾ 90 ಇವುಗಳಿಂದಲೇ ಬರುತ್ತದೆ. ಉಳಿದದ್ದು ಯಕೃತ್ತಿನಿಂದ. ಹೊಟ್ಟೆಯಲ್ಲಿರುವ ಮಗುವಿನಲ್ಲಿ ಈ ಕೆಲಸ ಮುಖ್ಯವಾಗಿ ಯಕೃತ್ತಿನದು. ಹುಟ್ಟಿದ ಮೇಲೆ ಅದು ಕಿಡ್ನಿಗೆ ದಾಟುತ್ತದೆ.

ಕೊರತೆ ಗೊತ್ತಾಗುವುದು ಹೇಗೆ?

ಆಮ್ಲಜನಕ ಕಮ್ಮಿಯಾದಾಗ ಕೋಶದೊಳಗೆ ಏನೋ ಒಂದು ಹೊಸದಾಗಿ ಹುಟ್ಟಿ ಎಚ್ಚರಿಸುತ್ತದೆ ಅಂತ ನಾವು ಊಹಿಸುತ್ತೇವೆ. ನಡೆಯುವುದು ಅದರ ಉಲ್ಟಾ.

ಕೋಶದಲ್ಲಿ ಹಿಫ್ ಅನ್ನುವ ಒಂದು ಪ್ರೋಟೀನ್ ಹಗಲೂ ರಾತ್ರಿ ತಯಾರಾಗುತ್ತಲೇ ಇರುತ್ತದೆ. ಪೂರ್ತಿ ಹೆಸರು ಹೈಪಾಕ್ಸಿಯ ಇಂಡ್ಯೂಸಿಬಲ್ ಫ್ಯಾಕ್ಟರ್. ತಯಾರಾದ ಐದಾರು ನಿಮಿಷದಲ್ಲೇ ಅದು ನಾಶವಾಗುತ್ತದೆ. ಮಾಡುವುದು, ಒಡೆಯುವುದು, ಮತ್ತೆ ಮಾಡುವುದು. ಎಲ್ಲ ಸರಿ ಇರುವವರೆಗೂ ಇದೇ ಕತೆ.

ಬೆಂಗಳೂರಿನ ಯಾವುದಾದರೂ ದರ್ಶಿನಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನಿಂತು ನೋಡಿ. ಜನ ಇಡ್ಲಿ ತಿಂದು ತಟ್ಟೆ ಇಟ್ಟು ಹೋಗುತ್ತಲೇ ಇರುತ್ತಾರೆ. ಕ್ಲೀನರ್ ಅದನ್ನು ಎತ್ತುತ್ತಲೇ ಇರುತ್ತಾನೆ. ಟೇಬಲ್ ಖಾಲಿ ಕಾಣುತ್ತದೆ. ಒಂದು ಹತ್ತು ನಿಮಿಷ ಅವನು ಬರಲಿಲ್ಲ ಅಂದರೆ ತಟ್ಟೆ ರಾಶಿ ಬೀಳುತ್ತದೆ. ಗಿರಾಕಿಗಳು ಹೆಚ್ಚಾಗಲಿಲ್ಲ, ತಟ್ಟೆಯೂ ಹೆಚ್ಚಾಗಲಿಲ್ಲ. ಎತ್ತುವುದು ನಿಂತಿತು, ಅಷ್ಟೇ. ಕ್ಯಾಶ್ ಕೌಂಟರ್‌ನಲ್ಲಿ ಕೂತವರಿಗೆ ವಿಷಯ ಗೊತ್ತಾಗಲು ಆ ರಾಶಿ ಸಾಕು.

ಕೋಶದಲ್ಲಿ ಆ ಕ್ಲೀನರ್ ಕೆಲಸ ಶುರು ಮಾಡುವುದು ಪಿಎಚ್‌ಡಿ ಅನ್ನುವ ಕಿಣ್ವ. (ಡಾಕ್ಟರೇಟ್‌ಗೂ ಇದಕ್ಕೂ ಸಂಬಂಧವಿಲ್ಲ.) ಅದು ಕೆಲಸ ಮಾಡಬೇಕಾದರೆ ಆಮ್ಲಜನಕ ಬೇಕೇ ಬೇಕು, ಜೊತೆಗೆ ಸ್ವಲ್ಪ ಕಬ್ಬಿಣ. ಆಮ್ಲಜನಕದ ಒಂದು ಪರಮಾಣುವನ್ನು ತೆಗೆದುಕೊಂಡು ಅದು ಹಿಫ್‌ನ ಮೇಲೆ ಒಂದು ಗೊತ್ತಾದ ಜಾಗದಲ್ಲಿ ಕೂರಿಸುತ್ತದೆ. ಆ ಗುರುತು ಬಿದ್ದ ಹಿಫ್ ಅನ್ನು ವಿಎಚ್‌ಎಲ್ ಅನ್ನುವ ಇನ್ನೊಂದು ಪ್ರೋಟೀನ್ ಹಿಡಿದುಕೊಳ್ಳುತ್ತದೆ. ಅದರಿಂದಾಗಿ ಹಿಫ್‌ಗೆ 'ಇದನ್ನು ಒಡೆಯಿರಿ' ಎಂಬ ಇನ್ನೊಂದು ಗುರುತು ಅಂಟುತ್ತದೆ. ಹಳೆಯ ಪ್ರೋಟೀನ್‌ಗಳನ್ನು ಕತ್ತರಿಸಿ ಹಾಕುವ ವ್ಯವಸ್ಥೆ ಎಲ್ಲ ಕೋಶದಲ್ಲೂ ಇದೆ. ಅದು ಹಿಫ್ ಅನ್ನು ಚೂರು ಮಾಡುತ್ತದೆ.

ಆಮ್ಲಜನಕ ಇಳಿದರೆ ಪಿಎಚ್‌ಡಿಗೆ ಕೂರಿಸಲು ಪರಮಾಣು ಸಿಗುವುದಿಲ್ಲ. ಗುರುತು ಬೀಳುವುದಿಲ್ಲ, ವಿಎಚ್‌ಎಲ್ ಹಿಡಿಯುವುದಿಲ್ಲ. ಹಿಫ್ ಉಳಿದು ಗುಡ್ಡೆಯಾಗುತ್ತದೆ. ಅಲ್ಲಿಂದ ಕೋಶದ ನ್ಯೂಕ್ಲಿಯಸ್‌ಗೆ ಹೋಗಿ, ತನ್ನ ಜೊತೆಗಾರ ಪ್ರೋಟೀನ್ ಸೇರಿಕೊಂಡು, ಇಪಿಒ ಜೀನ್‌ನ ಹತ್ತಿರ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಮಲಗಿದ್ದ ಜೀನ್ ಎಚ್ಚರಗೊಳ್ಳುತ್ತದೆ. ಹಾರ್ಮೋನ್ ತಯಾರಾಗಿ ರಕ್ತಕ್ಕೆ ಸೇರುತ್ತದೆ. ಹಿಫ್‌ನಲ್ಲೂ ಬಗೆಗಳಿವೆ. ಇಪಿಒ ವಿಷಯದಲ್ಲಿ ಮುಖ್ಯವಾದದ್ದು ಎರಡನೆಯದು, ಹಿಫ್-2.

ಮೊದಲೇ ಮಾಡಿಟ್ಟುಕೊಂಡ ಇಪಿಒ ದಾಸ್ತಾನು ಕಿಡ್ನಿಯಲ್ಲಿ ಇರುವುದಿಲ್ಲ. ಪ್ರತಿ ಸಲವೂ ಹೊಸದಾಗಿ ಮಾಡಬೇಕು. ಆದರೂ ಆಮ್ಲಜನಕ ಇಳಿದ ಒಂದೆರಡು ಗಂಟೆಯಲ್ಲೇ ರಕ್ತದಲ್ಲಿ ಅದರ ಮಟ್ಟ ಏರಿದ್ದು ಕಾಣುತ್ತದೆ. ಕೊರತೆ ಜಾಸ್ತಿಯಾದ ಹಾಗೆ ಒಂದೊಂದು ಕೋಶ ಹೆಚ್ಚು ಹೆಚ್ಚು ದುಡಿಯುವುದಕ್ಕಿಂತ, ದುಡಿಯುವ ಕೋಶಗಳ ಸಂಖ್ಯೆಯೇ ಹೆಚ್ಚುತ್ತದೆ. ಕಿಡ್ನಿ ಗಟ್ಟಿಯಾಗಿದ್ದು ರಕ್ತಹೀನತೆ ತೀವ್ರವಾಗಿದ್ದರೆ ಇಪಿಒ ಮಾಮೂಲಿಗಿಂತ ನೂರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟಿನವರೆಗೂ ಏರಬಲ್ಲದು.

ಮಜ್ಜೆಯಲ್ಲಿ ನಡೆಯುವುದು

ಮಜ್ಜೆಯಲ್ಲಿ ಕೆಂಪು ಕಣವಾಗಲು ಹೊರಟ ಎಳೆ ಕೋಶಗಳು ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತವೆ. ಅವುಗಳಲ್ಲಿ ಬಹಳಷ್ಟು ದಾರಿಯಲ್ಲೇ ಸಾಯುತ್ತವೆ. ಇಪಿಒ ಮಾಡುವ ಮುಖ್ಯ ಕೆಲಸ ಅವು ಸಾಯದಂತೆ ಕಾಯುವುದು. ಹಾರ್ಮೋನ್ ಜಾಸ್ತಿ ಇದ್ದಷ್ಟೂ ಹೆಚ್ಚು ಎಳೆ ಕೋಶಗಳು ಉಳಿದು, ಒಡೆದು ಎರಡು ನಾಲ್ಕಾಗಿ, ಕಣಗಳಾಗಿ ಬೆಳೆಯುತ್ತವೆ. ಇಲ್ಲೂ ನಾಶವನ್ನು ತಡೆಯುವುದೇ ಉಪಾಯ ಅನ್ನುವುದು ನನಗೆ ಬಹಳ ಹಿಡಿಸಿದ ವಿಷಯ.

ಬೆಳೆಯುತ್ತಿರುವ ಆ ಕೋಶಗಳು ಎರಿಥ್ರೊಫೆರೋನ್ ಅನ್ನುವ ಇನ್ನೊಂದು ಹಾರ್ಮೋನನ್ನು ಯಕೃತ್ತಿಗೆ ಕಳಿಸುತ್ತವೆ. ಅದರಿಂದ ಕೂಡಿಟ್ಟ ಕಬ್ಬಿಣ ಹೊರಬರುತ್ತದೆ, ಕರುಳು ಊಟದಿಂದ ಹೀರುವುದೂ ಹೆಚ್ಚುತ್ತದೆ. ಕಬ್ಬಿಣವಿಲ್ಲದೆ ಕಣಗಳಿದ್ದು ಏನು ಪ್ರಯೋಜನ?

ಮೂರು ನಾಲ್ಕು ದಿನಕ್ಕೆ ಎಳೆ ಕೆಂಪು ಕಣಗಳು ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ. ರಿಪೋರ್ಟ್‌ನಲ್ಲಿ 'ರೆಟಿಕ್ಯುಲೋಸೈಟ್' ಅಂತ ಬರುವುದು ಇವೇ. ಹಿಮೋಗ್ಲೋಬಿನ್ ಕಣ್ಣಿಗೆ ಕಾಣುವಷ್ಟು ಏರಲು ವಾರಗಳು ಬೇಕು. ಏರಿದ ಮೇಲೆ ಕಿಡ್ನಿಗೆ ಆಮ್ಲಜನಕ ಸಾಕಷ್ಟು ಸಿಗುತ್ತದೆ, ಹಿಫ್ ಮತ್ತೆ ಒಡೆಯತೊಡಗುತ್ತದೆ, ಇಪಿಒ ಇಳಿಯುತ್ತದೆ.

ಪೆರುವಿನ ಗಣಿಯಿಂದ ನೊಬೆಲ್‌ವರೆಗೆ

1890ರಲ್ಲಿ ಫ್ರಾನ್ಸ್‌ನ ವೈದ್ಯ ಫ್ರಾಂಸ್ವಾ ವಿಯೋ ಪೆರುವಿನ ಮೊರೊಕೊಚ ಅನ್ನುವ ಗಣಿ ಊರಿಗೆ ಹೋದರು. ಎತ್ತರ ಸುಮಾರು 4,500 ಮೀಟರ್. ತಮ್ಮ ರಕ್ತದ ಕೆಂಪು ಕಣಗಳನ್ನು ಎಣಿಸಿ ನೋಡಿದರೆ ಒಂದು ಘನ ಮಿಲಿಮೀಟರಿಗೆ 50 ಲಕ್ಷ ಇದ್ದದ್ದು ಮೂರು ವಾರದ ಹೊತ್ತಿಗೆ 70 ಲಕ್ಷ ದಾಟಿತ್ತು. (ಎತ್ತರದಲ್ಲಿ ರಕ್ತದ ನೀರಿನಂಶ ಕಡಿಮೆಯಾಗುವುದರಿಂದಲೂ ಲೆಕ್ಕ ಸ್ವಲ್ಪ ಏರುತ್ತದೆ. ಪೂರ್ತಿ ಶ್ರೇಯ ಹೊಸ ಕಣಗಳದ್ದಲ್ಲ.) 1906ರಲ್ಲಿ ಪ್ಯಾರಿಸ್‌ನ ಪಾಲ್ ಕಾರ್ನೋ ಮತ್ತು ಕ್ಲೋಟಿಲ್ಡ್ ಡಿಫ್ಲಾಂಡ್ರ್ ಮೊಲದಿಂದ ರಕ್ತ ತೆಗೆದು, ಆಮೇಲೆ ಅದರ ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಬೇರೆ ಮೊಲಗಳಿಗೆ ಚುಚ್ಚಿದರು. ಅವುಗಳಲ್ಲೂ ಕಣ ಹೆಚ್ಚಾಯಿತು ಅಂತ ವರದಿ ಮಾಡಿದರು. ರಕ್ತದಲ್ಲಿ ಏನೋ ಒಂದು ವಸ್ತು ಓಡಾಡುತ್ತಿದೆ ಅನ್ನುವುದು ಅಲ್ಲಿಂದ ಶುರು. ಅದು ಕಿಡ್ನಿಯಿಂದ ಬರುತ್ತದೆ ಅಂತ ತೋರಿಸಿದ್ದು ಶಿಕಾಗೊದ ಲಿಯಾನ್ ಜೇಕಬ್ಸನ್, ಯೂಜಿನ್ ಗೋಲ್ಡ್‌ವಾಸರ್ ಮತ್ತು ಸಂಗಡಿಗರು, 1957ರಲ್ಲಿ. ಇಲಿಗಳ ಒಂದೊಂದೇ ಅಂಗ ತೆಗೆದು ನೋಡಿದಾಗ ಕಿಡ್ನಿ ತೆಗೆದವುಗಳಲ್ಲಿ ಮಾತ್ರ ಹಾರ್ಮೋನ್ ಏರಲಿಲ್ಲ.

ಶುದ್ಧ ಹಾರ್ಮೋನ್ ಕೈಗೆ ಸಿಗಲು ಮತ್ತೆ 20 ವರ್ಷ. ಜಪಾನಿನ ತಕಾಜಿ ಮಿಯಾಕೆ, ಮಜ್ಜೆ ಕೆಲಸ ಮಾಡದ ಕಾಯಿಲೆಯ ರೋಗಿಗಳಿಂದ 2,550 ಲೀಟರ್ ಮೂತ್ರ ಸಂಗ್ರಹಿಸಿದರು. ಅಂಥವರ ಕಿಡ್ನಿ ಇಪಿಒ ಸುರಿಯುತ್ತಲೇ ಇರುತ್ತದೆ, ಸ್ವಲ್ಪ ಮೂತ್ರದಲ್ಲೂ ಹೋಗುತ್ತದೆ. ಅಷ್ಟನ್ನೂ ಒಣಗಿಸಿದ ಪುಡಿಯನ್ನು ಗೋಲ್ಡ್‌ವಾಸರ್‌ಗೆ ತಲುಪಿಸಿದರು. 1977ರಲ್ಲಿ ಅದರಿಂದ ಕೈಗೆ ಬಂದದ್ದು ಕೆಲವೇ ಮಿಲಿಗ್ರಾಂ. ಆ ಚಿಟಿಕೆಯೇ ಜೀನ್ ಹುಡುಕಲು ದಾರಿಯಾಯಿತು. 1989ರಲ್ಲಿ ಇಂಜೆಕ್ಷನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಹಿಫ್ ಕತೆ ಬಿಡಿಸಿದ ಗ್ರೆಗ್ ಸೆಮೆನ್ಜಾ, ಪೀಟರ್ ರ‍್ಯಾಟ್‌ಕ್ಲಿಫ್ ಮತ್ತು ವಿಲಿಯಂ ಕೇಲಿನ್ ಅವರಿಗೆ 2019ರಲ್ಲಿ ನೊಬೆಲ್ ಬಂತು. ರ‍್ಯಾಟ್‌ಕ್ಲಿಫ್ ಮೂಲತಃ ಕಿಡ್ನಿ ತಜ್ಞರು. ಕೇಲಿನ್ ನೋಡುತ್ತಿದ್ದದ್ದು ಬೇರೆಯೇ: ವಿಎಚ್‌ಎಲ್ ಜೀನ್ ಕೆಟ್ಟವರಿಗೆ ಬರುವ ಗೆಡ್ಡೆಗಳು. ಅಂಥ ಗೆಡ್ಡೆಗಳು ರಕ್ತನಾಳಗಳಿಂದ ತುಂಬಿರುತ್ತವೆ, ಕೆಲವರಲ್ಲಿ ಕೆಂಪು ಕಣವೂ ವಿಪರೀತ. ಆಮ್ಲಜನಕ ಇದ್ದರೂ ಇಲ್ಲದ ಹಾಗೆ ಆಡುವ ಕೋಶಗಳು. ಎರಡು ದಾರಿಗಳು ಕೂಡಿದ್ದು ಅಲ್ಲಿ.

ಲೇಹ್‌ಗೆ ಹೋದವರು, ಟಿಬೆಟ್‌ನಿಂದ ಬಂದವರು

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಶೇಕಡಾ 21. ಆದರೆ ಗಾಳಿಯೇ ತೆಳು, ಹಾಗಾಗಿ ಒಂದು ಉಸಿರಿಗೆ ಸಿಗುವುದು ಮಂಗಳೂರಿನಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟು. ವಿಮಾನ ಇಳಿದ ದಿನವೇ ಕಿಡ್ನಿಯಲ್ಲಿ ಇಪಿಒ ಏರುತ್ತದೆ, ಒಂದೆರಡು ದಿನದಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯತೊಡಗುತ್ತದೆ. ಆದರೆ ಹೊಸ ಕಣಗಳು ಲೆಕ್ಕಕ್ಕೆ ಬರುವಷ್ಟು ಹೆಚ್ಚಾಗುವ ಹೊತ್ತಿಗೆ ವಾರದ ಪ್ರವಾಸ ಮುಗಿದು ನೀವು ಮನೆಯಲ್ಲಿರುತ್ತೀರಿ. ಮೊದಲ ಎರಡು ದಿನ ವಿಶ್ರಾಂತಿ ತಗೊಳ್ಳಿ ಅನ್ನುವುದು ಉಸಿರಾಟ ಹೊಂದಿಕೊಳ್ಳಲಿ ಅಂತ. ರಕ್ತ ಹೆಚ್ಚಲಿ ಅಂತ ಅಲ್ಲ.

ತಲೆಮಾರುಗಳಿಂದ ಎತ್ತರದಲ್ಲೇ ಬದುಕಿದವರಲ್ಲಿ ರಕ್ತ ಇನ್ನೂ ಗಟ್ಟಿ ಇರಬೇಕು ಅನಿಸುತ್ತದೆ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಜನರಲ್ಲಿ ಹಾಗೇ ಇದೆ. ಕೆಲವರಿಗೆ ಅದೇ ಕಾಯಿಲೆಯಾಗಿ ಕಾಡುತ್ತದೆ. ಟಿಬೆಟನ್ನರಲ್ಲಿ ಮಾತ್ರ ಹಿಮೋಗ್ಲೋಬಿನ್ ಅಷ್ಟು ಏರುವುದಿಲ್ಲ. 2010ರಲ್ಲಿ ಬಂದ ಅಧ್ಯಯನಗಳು ಕಾರಣವನ್ನು ಹಿಫ್-2 ತಯಾರಿಸುವ ಜೀನ್‌ನಲ್ಲೇ ಪತ್ತೆ ಮಾಡಿದವು. ಅವರಲ್ಲಿ ಬಹುಪಾಲು ಜನರಲ್ಲಿ ಆ ಜೀನ್‌ನ ಬೇರೆ ರೂಪವಿದೆ. ಅದು ಡೆನಿಸೋವನ್ ಅನ್ನುವ, ಈಗ ಅಳಿದುಹೋದ ಮಾನವ ಗುಂಪಿನಿಂದ ಬಂದದ್ದು ಅಂತ 2014ರಲ್ಲಿ ಗೊತ್ತಾಯಿತು. 1960ರ ದಶಕದಿಂದ ನಮ್ಮ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಸಿದ ಟಿಬೆಟನ್ ಕುಟುಂಬಗಳ ಜೊತೆ ಆ ಜೀನ್ ಇಲ್ಲಿಗೂ ಬಂದಿದೆ. ಜೋಳ ಬೆಳೆಯುವ ಈ ನೆಲದಲ್ಲಿ ಅದಕ್ಕೇನೂ ಕೆಲಸವಿಲ್ಲ, ಅಷ್ಟೇ.

ಕಿಡ್ನಿ ಸೋತಾಗ

ದೀರ್ಘ ಕಾಲದ ಸಕ್ಕರೆ ಕಾಯಿಲೆ, ಬಿಪಿ ಇತ್ಯಾದಿಗಳಿಂದ ಕಿಡ್ನಿ ಕೆಡುತ್ತಾ ಹೋದಾಗ ಸೋಸುವ ಭಾಗದ ಜೊತೆ ಸಂದಿಯಲ್ಲಿರುವ ಇಪಿಒ ಕೋಶಗಳೂ ಬದಲಾಗುತ್ತವೆ. ಹಾರ್ಮೋನ್ ಮಾಡುವುದು ಬಿಟ್ಟು ಗಾಯದ ಕಲೆಯಂಥ ನಾರು ಹೆಣೆಯುವ ಕೋಶಗಳಾಗುತ್ತವೆ. ಡಯಾಲಿಸಿಸ್ ಯಂತ್ರ ಕೊಳೆ ಸೋಸುತ್ತದೆ, ಹೆಚ್ಚಿನ ನೀರು ತೆಗೆಯುತ್ತದೆ. ಹಾರ್ಮೋನ್ ಮಾಡುವುದು ಅದರ ಕೈಯಲ್ಲಿ ಆಗುವುದಿಲ್ಲ.

ಇಂಥವರಿಗೆ ಇಪಿಒ ಪರೀಕ್ಷೆ ಮಾಡಿಸಿದರೆ ಎಷ್ಟೋ ಸಲ 'ನಾರ್ಮಲ್' ಅಂತ ಬರುತ್ತದೆ. ಆದರೆ ಹಿಮೋಗ್ಲೋಬಿನ್ 8 ಇರುವ ಮೈಯಲ್ಲಿ ಇಪಿಒ ಎಷ್ಟೋ ಪಟ್ಟು ಏರಿರಬೇಕಿತ್ತು. ಅಲ್ಲಿ ನಾರ್ಮಲ್ ಅಂದರೆ ಸಾಲದು ಅಂತಲೇ ಅರ್ಥ.

1989ಕ್ಕೆ ಮುಂಚೆ ಇದ್ದ ದಾರಿ ಮತ್ತೆ ಮತ್ತೆ ರಕ್ತ ಏರಿಸುವುದು. ಅದರಿಂದ ಮೈಯಲ್ಲಿ ಕಬ್ಬಿಣ ಅತಿಯಾಗುತ್ತಿತ್ತು. ಬೇರೆಯವರ ರಕ್ತದ ವಿರುದ್ಧ ಪ್ರತಿಕಾಯಗಳು ಹುಟ್ಟಿ, ಮುಂದೆ ಕಿಡ್ನಿ ಕಸಿಗೆ ಹೊಂದುವವರು ಸಿಗುವುದೂ ಕಷ್ಟವಾಗುತ್ತಿತ್ತು. ಈಗ ವಾರಕ್ಕೆ ಎರಡು ಮೂರು ಸಲ, ಅಥವಾ ಹೆಚ್ಚು ಹೊತ್ತು ಉಳಿಯುವ ಬಗೆಯದಾದರೆ ವಾರಕ್ಕೋ ಹದಿನೈದು ದಿನಕ್ಕೋ ಒಂದು ಇಂಜೆಕ್ಷನ್.

"ಇಂಜೆಕ್ಷನ್ ಇದೆಯಲ್ಲ, 14ಕ್ಕೆ ಏರಿಸಿಬಿಡಿ" ಅಂತ ವೈದ್ಯರನ್ನು ಕೇಳುವವರಿದ್ದಾರೆ. 2006 ಮತ್ತು 2009ರಲ್ಲಿ ಬಂದ ದೊಡ್ಡ ಅಧ್ಯಯನಗಳಲ್ಲಿ ಹಾಗೆ ಏರಿಸಲು ಹೋದಾಗ ಹೃದಯದ ತೊಂದರೆ, ಪಾರ್ಶ್ವವಾಯುಗಳ ಅಪಾಯ ಹೆಚ್ಚಾಯಿತು. ಅದಕ್ಕೇ ಸಾಮಾನ್ಯವಾಗಿ 10ರಿಂದ 11.5ರ ಆಸುಪಾಸಿಗೆ ನಿಲ್ಲಿಸುತ್ತಾರೆ. ಗಟ್ಟಿಮುಟ್ಟಾದ ಕ್ರೀಡಾಪಟುಗಳು ಓಟ, ಸೈಕ್ಲಿಂಗ್‌ನಲ್ಲಿ ಗೆಲ್ಲಲು ಇದೇ ಔಷಧಿ ಕದ್ದು ಚುಚ್ಚಿಕೊಂಡಾಗಲೂ ಅಪಾಯ ಇದೇ: ಗಟ್ಟಿಯಾದ ರಕ್ತ. ಅಮೆರಿಕದ ಸೈಕ್ಲಿಂಗ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ತಾನು ಬಳಸಿದೆ ಅಂತ 2013ರಲ್ಲಿ ಒಪ್ಪಿಕೊಂಡ ಮದ್ದುಗಳಲ್ಲಿ ಇಪಿಒ ಕೂಡ ಇತ್ತು.

ಈಚೆಗೆ ಮಾತ್ರೆಗಳೂ ಬಂದಿವೆ. ಅವು ಇಪಿಒ ಅಲ್ಲ. ಅವು ಪಿಎಚ್‌ಡಿ ಕಿಣ್ವವನ್ನು ತಡೆಯುತ್ತವೆ. ಅಂದರೆ ಕ್ಲೀನರ್‌ನನ್ನು ಸ್ವಲ್ಪ ಹೊತ್ತು ಕೂರಿಸುತ್ತವೆ. ಆಮ್ಲಜನಕ ಇದ್ದರೂ ಹಿಫ್ ಉಳಿಯುತ್ತದೆ, ಮೈ ತನ್ನದೇ ಇಪಿಒ ಮಾಡಿಕೊಳ್ಳುತ್ತದೆ. ಸೋತ ಕಿಡ್ನಿಯವರಲ್ಲೂ ಇದು ಕೆಲಸ ಮಾಡುತ್ತದೆ ಅನ್ನುವುದೇ ಒಂದು ಸುಳಿವು: ಆ ಕೋಶಗಳಿಗೆ ಹಾರ್ಮೋನ್ ಮಾಡುವ ಶಕ್ತಿ ಪೂರ್ತಿ ಹೋಗಿರುವುದಿಲ್ಲ. ಅಹಮದಾಬಾದ್‌ನ ಝೈಡಸ್ ಕಂಪನಿ ರೂಪಿಸಿದ ಡೆಸಿಡುಸ್ಟಾಟ್ ಇಂಥದ್ದೇ ಮಾತ್ರೆ. ಭಾರತದಲ್ಲಿ ಅದಕ್ಕೆ 2022ರಲ್ಲಿ ಅನುಮತಿ ಸಿಕ್ಕಿತು. ಹಿಫ್ ಇಪಿಒ ಒಂದನ್ನೇ ಅಲ್ಲ, ಇನ್ನೂ ನೂರಾರು ಜೀನ್‌ಗಳನ್ನು ಮುಟ್ಟುತ್ತದೆ. ಹಾಗಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ, ಕ್ಯಾನ್ಸರ್ ಬಂದವರಿಗೆ ವೈದ್ಯರು ಯೋಚಿಸಿಯೇ ಬರೆಯುತ್ತಾರೆ.

ಇಂಜೆಕ್ಷನ್ ತಗೊಂಡರೂ ಅಂಕಿ ಏರದವರು ಇದ್ದಾರೆ. ಆಗ ಡೋಸ್ ಹೆಚ್ಚಿಸುವುದಕ್ಕೆ ಮುಂಚೆ ವೈದ್ಯರು ಸಾಮಾನ್ಯವಾಗಿ ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಬರೆಯುತ್ತಾರೆ. ಮೈಯಲ್ಲಿ ಕಬ್ಬಿಣ ಎಷ್ಟಿದೆ, ಬಳಕೆಗೆ ಸಿಗುತ್ತಿದೆಯಾ ಅಂತ ನೋಡುವ ಪರೀಕ್ಷೆಗಳು. ಜೊತೆಗೆ ಎಲ್ಲಾದರೂ ಸೋಂಕು ಇದೆಯಾ, ರಕ್ತ ಸೋರುತ್ತಿದೆಯಾ ಅಂತಲೂ ಹುಡುಕುತ್ತಾರೆ. ಕಿಡ್ನಿ ಕಸಿಯಾದವರಲ್ಲಿ ಈ ತಲೆನೋವು ಬಹಳಷ್ಟು ಕಮ್ಮಿ. ಹೊಸ ಕಿಡ್ನಿ ರಕ್ತ ಸೋಸುವುದರ ಜೊತೆಗೆ ಇಪಿಒ ಕೂಡ ಮಾಡತೊಡಗುತ್ತದೆ. ಕೆಲವರಲ್ಲಿ ಹಿಮೋಗ್ಲೋಬಿನ್ ಬೇಕಾದ್ದಕ್ಕಿಂತ ಮೇಲೆ ಹೋಗಿ, ಅದನ್ನು ಇಳಿಸಲು ಔಷಧಿ ಕೊಡಬೇಕಾಗುವುದೂ ಉಂಟು.